ಜಾಗ ಸಾಲದಿದ್ದರೆ

ಬೋರ್ಡು ಬರೆಯುವ ಪೇಂಟರನ್ನು ಬೀದಿಯವರೆಲ್ಲ ಆಯ್ತಣ್ಣ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು "ಆಯ್ತಣ್ಣ" ಒಂದೇ. ಅಕ್ಷರವೇನೋ ಮುತ್ತು ಪೋಣಿಸಿದ ಹಾಗೆ. ಆದರೆ ಯಾಕೆ, ಏನು ಎಂದು ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಬೀದಿಯ ತುದಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು ಹೊಸದಾಗಿ ಕ್ಲಿನಿಕ್ ತೆರೆದರು. ಬೋರ್ಡಿಗೆಂದು ಒಂದು ಚೀಟಿ ಗೀಚಿ ಅವನ ಕೈಗಿಟ್ಟು ಅವಸರದಲ್ಲಿ ಹೊರಟುಹೋದರು. ಆಯ್ತಣ್ಣ ಎರಡು ದಿನ ಕೂತು ತಗಡಿನ ಮೇಲೆ ನೀಲಿ ಬಣ್ಣದಲ್ಲಿ ಬರೆದು, ಅಂಚಿಗೆ ಬಳ್ಳಿ ಬಿಡಿಸಿ, ತಾನೇ ಏಣಿ ಹತ್ತಿ ಮೊಳೆ ಹೊಡೆದು ಬಂದ.

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನ ಮುಂದೆ ಜನವೋ ಜನ. ಒಳಗೆ ಮಾತ್ರ ಒಬ್ಬರೂ ಹೋಗುತ್ತಿಲ್ಲ. ದವಡೆ ಊದಿಸಿಕೊಂಡು ಬಂದಿದ್ದ ಮುದುಕನೊಬ್ಬ ಕೆನ್ನೆ ಹಿಡಿದುಕೊಂಡೇ ನಗುತ್ತಿದ್ದ. ಡಾಕ್ಟರು ಹೊರಬಂದು ತಲೆಯೆತ್ತಿ ಓದಿದರು: "ಇಲ್ಲಿ ನೋವಿಲ್ಲದೆ ಹಲ್ಲು ಕೀಳಲಾಗುವುದು. ಜಾಗ ಸಾಲದಿದ್ದರೆ ನೋವಿಲ್ಲದೆ ಎಂಬುದನ್ನು ಬಿಟ್ಟುಬಿಡಿ."

ಆಯ್ತಣ್ಣನಿಗೆ ಕರೆ ಹೋಯಿತು.

"ಅಲ್ಲಪ್ಪ, ಒಂದು ಮಾತು ನನ್ನನ್ನ ಕೇಳಬಾರದಾಗಿತ್ತಾ?"

"ಜಾಗ ಸಾಕಾಯ್ತು ಡಾಕ್ಟ್ರೇ. ಅದಕ್ಕೇ ಏನೂ ಬಿಡಲಿಲ್ಲ."

ಮನೆಯಲ್ಲಿ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಬರೀವಾಗ ನಿಮಗೇ ವಿಚಿತ್ರ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಕೇಳಿದ್ರೆ, ಇವನಿಗೆ ಇಷ್ಟೂ ಗೊತ್ತಿಲ್ವಾ ಅಂದ್ಕೋತಾರಲ್ಲ."

"ಈಗೇನು ಅಂದ್ಕೊಂಡ್ರು?"

ಅವನು ಕುಂಚ ತೊಳೆಯುತ್ತ ಯೋಚಿಸಿದ. ಚಿಕ್ಕವನಿದ್ದಾಗ ಶಾಲೆಯಲ್ಲಿ, "ಸೊನ್ನೆ ಬರೆಯೋಕೆ ಎಲ್ಲಿಂದ ಶುರು ಮಾಡ್ಬೇಕು?" ಎಂದು ಕೇಳಿದ್ದಕ್ಕೆ ಇಡೀ ತರಗತಿ ನಕ್ಕಿತ್ತು. ನಕ್ಕವರು ಅದನ್ನು ಎಂದೋ ಮರೆತಿರಬೇಕು. ಬಾಯಿಗೆ ಹಾಕಿಕೊಂಡ ಬೀಗವನ್ನು ಇವನೊಬ್ಬ ಮೂವತ್ತೈದು ವರ್ಷ ಕಾದುಕೊಂಡು ಬಂದಿದ್ದ. ಅದಲ್ಲದೆ, ಸೊನ್ನೆ ಎಲ್ಲಿಂದ ಶುರುವಾಗಬೇಕೆಂದು ಇವತ್ತಿಗೂ ಯಾರೂ ಹೇಳಿರಲಿಲ್ಲ.

ಮರುವಾರ ದರ್ಜಿ ಚೀಟಿ ತಂದ: "ಬೇಗ ಹೊಲಿದು ಕೊಡಲಾಗುವುದು."

ಆಯ್ತಣ್ಣ ಧೈರ್ಯ ತಂದುಕೊಂಡ. "ಬೇಗ ಅಂದ್ರೆ ಎಷ್ಟು ದಿನ?"

ದರ್ಜಿ ತಲೆ ಕೆರೆದುಕೊಂಡ. "ಅದು... ಹೀಗೇ ಅಂತ ಹೇಳೋಕಾಗಲ್ಲ."

"ಹೋದ ವರ್ಷ ಕೊಟ್ಟ ನನ್ನ ಅಂಗಿ ಎಲ್ಲಿಗೆ ಬಂತು?"

ದರ್ಜಿ ಚೀಟಿಯತ್ತ ಬೆರಳು ತೋರಿಸಿದ. "ಆ 'ಬೇಗ' ತೆಗೆದುಬಿಡಪ್ಪ."

ಕೇಳುವುದು ಇಷ್ಟು ಸುಲಭವೆಂದು ಗೊತ್ತಾದ ಮೇಲೆ ಅವನನ್ನು ಹಿಡಿಯುವವರಿಲ್ಲ. ಅದೇ ಸಂಜೆ ಚಹಾ ಲೋಟ ಹಿಡಿದು ಹೆಂಡತಿಯನ್ನೂ ಕೇಳಿದ: "ಲೇ, ನೀನು ಯಾವತ್ತೂ ಸಕ್ಕರೆ ಯಾಕೆ ಹಾಕಲ್ಲ?"

ಅವಳು ಅವನನ್ನೇ ದಿಟ್ಟಿಸಿದಳು. "ಮದುವೆಯಾದ ವಾರ ಒಂದಿನ ಮರೆತಿದ್ದೆ. ಹೆಂಗಿದೆ ಅಂದ್ರೆ ಚೆನ್ನಾಗಿದೆ ಅಂದ್ರಿ. ನಿಮಗೆ ಹಾಗೇ ಇಷ್ಟ ಅಂದ್ಕೊಂಡು, ಜೊತೆಗಿರಲಿ ಅಂತ ನಾನೂ ಸಕ್ಕರೆ ಬಿಟ್ಟೆ."

"ಹತ್ತೊಂಬತ್ತು ವರ್ಷ?"

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಎದ್ದು ಹೋಗಿ ಡಬ್ಬಿ ತಂದವಳು ಅವನ ಲೋಟಕ್ಕೆ ಮೂರು ಚಮಚ ಸುರಿದು, ತನಗೆ ನಾಲ್ಕು ಹಾಕಿಕೊಂಡಳು.

"ಸಿಹಿ ಜಾಸ್ತಿ ಆಯ್ತಾ?" ಎಂದಳು.

ಅವನು ಇಲ್ಲ ಎನ್ನಲು ಬಾಯಿ ತೆರೆದವನು ತಡೆದುಕೊಂಡ. "ಹೌದು ಕಣೆ," ಎಂದು ಲೋಟ ಮುಂದೆ ಚಾಚಿದ, "ಒಂದಿಷ್ಟು ಚಹಾ ಸೇರಿಸು."