ಹತ್ತು ನಮಾನ್ ಮರಿಯೆಯ ಕಾಫಿ

ತಮ್ಮ ಕೊಟ್ಟ ಕಾಫಿ ಪ್ರೆಸ್ಸಿಗೆ ಇವತ್ತು ಬೆಳಿಗ್ಗೆ ಪುಡಿ ಹಾಕಿ ಬಿಸಿನೀರು ಸುರಿದೆ. ನಾಲ್ಕು ನಿಮಿಷ ಬಿಟ್ಟು ಸೋಸುವ ಜಾಲರಿಯನ್ನು ಕೆಳಗೆ ಒತ್ತಬೇಕಂತೆ. ಮೊಬೈಲಿನಲ್ಲಿ ಅಲಾರಾಂ ಇಟ್ಟೆ. ವಾಸನೆ ಎದ್ದದ್ದೇ ಜೆಪ್ಪುವಿನ ನಮ್ಮ ಹಳೇ ಅಡುಗೆಮನೆ ನೆನಪಾಯಿತು.

ಅಲ್ಲಿ ಗಡಿಯಾರ ಇರಲಿಲ್ಲ. ಅಮ್ಮ ಕುದಿಯುವ ನೀರಿಗೆ ಪುಡಿ ಹಾಕಿ, ತಟ್ಟೆ ಮುಚ್ಚಿ, ನನ್ನಿಂದ ಹತ್ತು ಸಲ ಮರಿಯಮ್ಮನವರ 'ನಮಾನ್ ಮರಿಯೆ' ಪ್ರಾರ್ಥನೆ ಹೇಳಿಸುತ್ತಿದ್ದಳು. ಅದು ಮುಗಿದ ಮೇಲೆಯೇ ಬಟ್ಟೆಯಲ್ಲಿ ಸೋಸುವುದು. ಕಾಫಿಯ ಆಸೆಗೆ ನಾನು ಸಾಲುಗಳನ್ನು ಅರ್ಧರ್ಧ ನುಂಗುತ್ತಿದ್ದೆ.

"ಎಂತ ಬಾಯೆ, ನಿನಗೆ ಬಸ್ ಹಿಡಿಯಲಿಕ್ಕುಂಟಾ? ಪುನಃ ಹೇಳು," ಎನ್ನುತ್ತಿದ್ದಳು.

ಅಮ್ಮನನ್ನು ಮಣ್ಣು ಮಾಡಿ ತಿಂಗಳಾಯಿತು. ಅಂದಿನಿಂದ ನನಗೆ ಅಳುವೂ ಬಂದಿಲ್ಲ, ಪ್ರಾರ್ಥನೆಯೂ. ಇವತ್ತು ಪ್ರೆಸ್ಸಿನ ಮುಂದೆ ನಿಂತು ಹತ್ತು ಹೇಳಿದೆ. ನೋಡಿದರೆ ಇನ್ನೂ ಎರಡು ನಿಮಿಷ ಬಾಕಿ ಇತ್ತು.

ಪುನಃ ಹೇಳು ಎನ್ನಲು ಯಾರೂ ಇರಲಿಲ್ಲ. ಒತ್ತಿಬಿಟ್ಟೆ.