ಲೋಬಾನದ ಗಿಡದ ಮೌಶಿ

ಲಿಂಗಂಪಲ್ಲಿಯಲ್ಲಿ ನಮ್ಮ ಬಾಜೂಮನೆಯ ಮೌಶಿಯ ಅಂಗಳದಲ್ಲಿ ಒಂದು ಲೋಬಾನದ ಗಿಡ ಇತ್ತು. ಬೀದರ್ ಕಡೆಯ ಗುಡ್ಡದಿಂದ ಟೊಂಗೆ ತಂದು ನೆಟ್ಟಿದ್ದರಂತೆ. ದನದ ಮೈ ಸವರಿದಂತೆ ಕಾಂಡ ಸವರಿ, ತೊಗಟೆಯನ್ನು ಉಗುರಿನಷ್ಟೇ ಕೆತ್ತುವರು. ಒಸರಿದ ಹಾಲು ಗಟ್ಟಿಯಾದ ಮೇಲೆ ಬಿಡಿಸಿಕೊಳ್ಳುವರು; ಅದೇ ಧೂಪಕ್ಕೆ ಹಾಕುವ ಲೋಬಾನ.

ಸುತ್ತ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ ಏಳುತ್ತಿದ್ದ ಕಾಲ. ಮನೆ ತುಂಬ ಸಿಮೆಂಟಿನ ಧೂಳು. ನನ್ನ ಗಂಡ ಅಲ್ಲೇ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಹಸಿಬಾಣಂತಿ ನಾನು, ಎಲ್ಲದಕ್ಕೂ ಹೆದರುತ್ತಿದ್ದೆ. ಕೂಸು ಸೀನಿದರೂ ಮೌಶಿ ಕೆಂಡದ ಬೋಗುಣಿ ಹಿಡಿದು ಬರುವರು. "ಅಂಜಬ್ಯಾಡವ್ವಾ, ಹೊಗಿ ಐತಿ."

ಒಂದು ಮಧ್ಯಾಹ್ನ ನೀರೆರೆದರೂ ಕೂಸು ಎಂದಿನಂತೆ ಅಳಲಿಲ್ಲ. ಮೌಶಿ ಕೆಂಡಕ್ಕೆ ಲೋಬಾನ ಉದುರಿಸಿದವರು ತಟ್ಟನೆ ನಿಂತು, ಕೂಸಿನ ಎದೆಗೆ ಕಿವಿ ಹಚ್ಚಿದರು. ನನಗೂ ಕೇಳಿಸಿತು. ಉಸಿರಿನ ಜೊತೆ ಸುಂಯ್ ಸುಂಯ್ ಸದ್ದು. ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ಮೌಶಿ ತಂಬಿಗೆಯ ನೀರನ್ನು ಕೆಂಡದ ಮೇಲೆ ಸುರಿದೇಬಿಟ್ಟರು. ಧೂಪದ ಕೆಂಡಕ್ಕೆ ನೀರು ಸೋಕಿಸಬಾರದು ಎಂದು ನನ್ನನ್ನು ಗದರುತ್ತಿದ್ದವರು ಅವರೇ.

"ನಡಿ ಮಗಳ, ದವಾಖಾನಿಗಿ."

ಆಟೋದಲ್ಲಿ ಮೌಶಿ ನನ್ನ ಪಕ್ಕ ಕೂರಲಿಲ್ಲ. "ನನ್ನ ಸೀರ್ಯಾಗ ಹೊಗಿ ಕುಂತೈತಿ, ಕೂಸಿಗಿ ಆಗೂದಿಲ್ಲ" ಎಂದು ಡ್ರೈವರನ ಬಾಜೂ ಒತ್ತಿಕೊಂಡು ಕೂತರು. ದಾರಿಯುದ್ದಕ್ಕೂ ಹೊರಳಿ ನೋಡಿ "ಅಂಜಬ್ಯಾಡವ್ವಾ" ಅನ್ನುವರು. ಮುಂದಿನ "ಹೊಗಿ ಐತಿ" ಮಾತ್ರ ಅವರ ಬಾಯಿಗೆ ಬರಲಿಲ್ಲ.

ಕೂಸು ಗುಣವಾಗಿ ಮನೆಗೆ ಬಂದ ದಿನ ಮೌಶಿ ಹೊಸ್ತಿಲಾಚೆಯೇ ನಿಂತು ನೋಡಿದರು. ಇದ್ದಬದ್ದ ಸೀರೆಗಳನ್ನೆಲ್ಲ ಒಗೆದು, ಲೋಬಾನದ ಗಿಡದ ಮೇಲೆ ಒಣಹಾಕಿದ್ದರು.