ಕಳುವಿನ ಹಿಂದಿನ ದಿನದ ಬೆಲೆ

ನಮ್ಮ ಗೇಟಿನ ಪಕ್ಕದ ದುಂಡುಮಲ್ಲಿಗೆ ಗಿಡವನ್ನು ನೋಡಿ ಪಕ್ಕದ ಮನೆಯ ಹಾಜಿರಾಬಿಯವರು ಇವತ್ತು ಬೆಳಗ್ಗೆ, "ಗಿಡ ಬಾಳ ಚಂದ ಬಂದೈತ್ರೀ ಮಾಸ್ತರೇ" ಎಂದರು. "ಏನ್ ಚಂದ ಬಿಡ್ರೀ, ಬರೀ ಎಲೆ. ಹುಳ ಬೇರೆ ಹತ್ತೈತೆ" ಎಂಬ ಉತ್ತರ ನನ್ನ ಬಾಯಿಂದ ತಾನಾಗಿಯೇ ಹೊರಟಿತು. ಗಿಡಕ್ಕೆ ಹುಳ ಹತ್ತಿಲ್ಲ. ಹಿಂದಿನ ಸಂಜೆಯಷ್ಟೇ ನನ್ನ ಹೆಂಡತಿ ಬೊಗಸೆ ತುಂಬ ಮೊಗ್ಗು ಬಿಡಿಸಿದ್ದಳು. ಆದರೆ ನಮ್ಮ ಹೊನ್ನಾಳಿ ಸೀಮೆಯಲ್ಲಿ ಹೊಗಳಿಕೆಯನ್ನು ಯಾರೂ ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದುಂಡಗಿರುವ ಕೂಸನ್ನು ಸೊರಗಿದೆಯೆನ್ನಬೇಕು, ತುಂಬಿ ಹಾಲು ಕರೆಯುವ ಎಮ್ಮೆಯನ್ನು ಗೊಡ್ಡೆನ್ನಬೇಕು. ದೃಷ್ಟಿಯೆಂಬ ಅದೃಶ್ಯ ಶತ್ರುವಿಗೆ ದಾರಿ ತಪ್ಪಿಸುವ ಈ ನಿರಪಾಯ ನಿಂದೆಯನ್ನು, ಬೈದಂತೆ ಮಾಡಿ ಹೊಗಳುವ ವ್ಯಾಜಸ್ತುತಿಯ ಬಡ ನೆಂಟನೆಂದು ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೂ ಉಂಟು, ಮಕ್ಕಳು ಆಕಳಿಸಿದ್ದೂ ಉಂಟು.

ನಿರಪಾಯವೆಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಅಪ್ಪನ ಕಾರಿನ ಕಥೆ ಕೇಳಿದರೆ ನೀವೂ ಒಪ್ಪುತ್ತೀರಿ.

ಎಪ್ಪತ್ತರ ದಶಕದಲ್ಲಿ ಅಪ್ಪ ನ್ಯಾಮತಿಯಲ್ಲಿ ಡಾಕ್ಟರು. ಮೊಣಕಾಲುಗಳು ಕೈಕೊಟ್ಟ ಮೇಲೆ ಅವರಿಗೆ ಕಾಲಾಗಿದ್ದುದು ಸೆಕೆಂಡ್ ಹ್ಯಾಂಡಿನ ಒಂದು ಕರಿ ಕಾರು. ಬಸ್ಸು ಮುಖ ಹಾಕದ ಹಳ್ಳಿಗಳಿಗೆ, ಸೂರಗೊಂಡನಕೊಪ್ಪದ ಆಚೀಚಿನ ತಾಂಡಾಗಳಿಗೆ ಅಪ್ಪ ಅದರಲ್ಲೇ ಹೋಗಿಬರುತ್ತಿದ್ದರು. ಅವ್ವ ದಿನವೂ ಹಳೇ ಸೀರೆಯ ತುಂಡಿನಿಂದ ಅದರ ಮೈ ಒರೆಸುವಳು, ಅಮಾವಾಸ್ಯೆಗೊಮ್ಮೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವಳು. ಊರ ಕಣ್ಣನ್ನೆಲ್ಲ ತಡೆದ ಆ ನಿಂಬೆಹಣ್ಣು ಕಳ್ಳನ ಕಣ್ಣನ್ನು ಮಾತ್ರ ತಡೆಯಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿ ಎದ್ದು ನೋಡಿದರೆ ಬಾಗಿಲ ಮುಂದೆ ಎಣ್ಣೆ ಸೋರಿದ ಕಲೆಯೊಂದೇ ಉಳಿದಿತ್ತು.

ಜಗಳೂರಿನಲ್ಲಿ ಅಂಥದೇ ಕಾರು ಓಡಾಡುತ್ತಿದೆಯೆಂದು ಯಾರೋ ಹೇಳಿದರು. ಅಪ್ಪನೂ ನಾನೂ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದೆವು. ಆ ಕಾರಿನ ಯಜಮಾನರು ನಮಗೆ ಚಹಾ ಕೊಟ್ಟು, ಕಾಗದಪತ್ರ ತೋರಿಸಿ, ತಮ್ಮದೇ ಕಾರು ಕಳುವಾದಷ್ಟು ಮರುಗಿ ಬಸ್ಸು ಹತ್ತಿಸಿದರು. ಇನ್ನು ವಿಮೆಯೊಂದೇ ಗತಿಯೆಂದಾಯಿತು. ಆ ದುಡ್ಡಿನಲ್ಲಿ ಇನ್ನೊಂದು ಹಳೇ ಕಾರು ಬಂದರೆ ಅಪ್ಪ ಡಾಕ್ಟರು. ಬಾರದಿದ್ದರೆ ಮನೆಯಲ್ಲಿ ಕೂತ ಮುದುಕ. ಇದು ಮೂವರಿಗೂ ಗೊತ್ತಿತ್ತು.

ವಿಮೆಯ ಸರ್ವೇಯರು ಶಿವಮೊಗ್ಗದಿಂದ ಬಂದ ದಿನ ಅಪ್ಪ ಹೊನ್ನಾಳಿಯ ಪೊಲೀಸ್ ಠಾಣೆಯಲ್ಲಿದ್ದರು, ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅವ್ವ ಕಾಫಿ ಕೊಟ್ಟಳು. ಸಜ್ಜನನಾದ ಆತ, "ಡಾಕ್ಟರ ಕಾರು ಬಹಳ ಚೆನ್ನಾಗಿತ್ತಂತೆ ಅಮ್ಮಾ, ಊರೆಲ್ಲ ಹೇಳ್ತಾರೆ" ಎಂದ. ನಮ್ಮವ್ವ ಬಿಟ್ಟಾಳೆಯೇ? "ಏನ್ ಚೆನ್ನ ಬಿಡಪ್ಪಾ, ಮುದಿ ಕತ್ತೆ. ತಳ್ಳಾಕೆ ನಾಕಾಳು ಬೇಕಿತ್ತು. ಕುಂತ್ರೆ ಸೊಂಟ ಬಿದ್ದೋಗ್ತಿತ್ತು." ಆತ ಅಷ್ಟನ್ನೂ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡು ಹೋದ. ಸಂಜೆ ಅವ್ವ ಗೆದ್ದವಳ ಹಾಗೆ ಹೇಳಿದಳು: "ಬಾಳ ಹೊಗಳಾಕೆ ಬಂದಿದ್ದ. ನಾನು ಬಿಡ್ಲಿಲ್ಲ. ನಾಳೆ ಕಾರು ಸಿಕ್ಕಿದ್ಮ್ಯಾಲೆ ದೃಷ್ಟಿ ತಗುಲಬಾರದಲ್ಲ!"

ಅಪ್ಪ ಮೊಣಕಾಲು ನೀವಿಕೊಂಡರು.

ವಿಮೆಯವರು ಗೊತ್ತುಮಾಡಿದ ಬೆಲೆಗೆ ಕಾರಿರಲಿ, ಒಂದು ಒಳ್ಳೆಯ ಸ್ಕೂಟರೂ ಬರುತ್ತಿರಲಿಲ್ಲ. ತಕರಾರು ಅರ್ಜಿಯನ್ನು ಬರೆಯುವ ಹೊಣೆ ಸಹಜವಾಗಿಯೇ ಕನ್ನಡ ಪಂಡಿತನಾದ ನನ್ನ ಮೇಲೆ ಬಿತ್ತು. ನಾನು 'ಅಪಹೃತ ವಾಹನದ ಅಕ್ಷುಣ್ಣ ಸೌಷ್ಠವ'ವನ್ನು ವರ್ಣಿಸಿ ನಾಲ್ಕು ಪುಟ ತುಂಬಿಸಿದೆ. ಮೂವರೂ ಅದನ್ನು ಹಿಡಿದು ಶಿವಮೊಗ್ಗದ ವಿಮೆ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ಅದರ ಮೊದಲ ವಾಕ್ಯದ ನಡುವೆಯೇ ದಣಿದು ಕನ್ನಡಕ ತೆಗೆದಿಟ್ಟರು. ಆಗ ನಮ್ಮ ಹಿಂದೆ ನಿಂತಿದ್ದ ಅವ್ವ ಮುಂದೆ ಬಂದಳು.

"ಸಾಹೇಬ್ರೇ, ನಾನು ಹೇಳಿದ್ದು ಸುಳ್ಳು. ಬಂಗಾರದಂಥ ಕಾರು. ಮಳೆಗಾಲದಾಗೆ ಬಾಣಂತೀನ ಹೊತ್ಕೊಂಡು ಕೆಸರಾಗೆ ಬಂದೈತೆ. ನಲ್ಲೂರಾಗೆ ನಮ್ಮಪ್ಪ ಕೊನೇ ಉಸಿರು ಎಳೀತಿದ್ದಾಗ ನನ್ನ ಮುಖ ತೋರ್ಸಿದ್ದು ಅದೇ. ಒಂದು ದಿನ ದಾರೀಲಿ ನಿಂತಿಲ್ಲ."

ಅವ್ವ ತನ್ನದೊಂದನ್ನು ನಾಲ್ಕು ಜನರೆದುರು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿ ಮೆಲ್ಲಗೆ ಹೇಳಿದರು: "ಬೆಲೆ ಕಡಿಮೆ ಬಂತು ಅಂತ ತಿಳಿದ ಮೇಲೆ ಎಲ್ಲರ ಕಾರೂ ಬಂಗಾರವೇ ಅಮ್ಮಾ. ಕಳುವಿನ ಹಿಂದಿನ ದಿನ ಅದು ಹೇಗಿತ್ತು ಅನ್ನೋದಷ್ಟೇ ನಮಗೆ ಬೇಕು. ಅದನ್ನ ನೀವು ಆಗಲೇ ಹೇಳಿದ್ದೀರಿ."

ಬಸ್ಸಿನಲ್ಲಿ ಅಪ್ಪ, "ಅವನು ಕಾಫಿ ಚಲೋ ಐತೆ ಅಂದಿದ್ರೆ ಅದನ್ನೂ ಕಲಗಚ್ಚು ಅಂತಿದ್ದೆ ನೀನು" ಎಂದು ಚೇಷ್ಟೆ ಮಾಡಿದರು. ಅವ್ವ ನಗಲಿಲ್ಲ.

ಕಾರು ಬರಲಿಲ್ಲ. ಕೆಲವು ದಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು ಅಪ್ಪನನ್ನು ಕರೆದೊಯ್ದರು. ಗಾಡಿಯ ಕುಲುಕಾಟಕ್ಕೆ ಅವರ ಮೊಣಕಾಲು ಬಾತು, ಅದೂ ನಿಂತಿತು. ಔಷಧಿಯ ಚೀಲ ಗೂಟಕ್ಕೆ ನೇತುಬಿದ್ದೇ ಉಳಿಯಿತು. ಅವ್ವ ಅಂಗಳ ಗುಡಿಸುವಾಗ ಆ ಎಣ್ಣೆ ಕಲೆಯನ್ನು ಬಿಟ್ಟು ಗುಡಿಸುತ್ತಿದ್ದಳು, ರಂಗೋಲಿಯನ್ನು ಅದರಿಂದ ಒಂದು ಮೊಳ ಆಚೆ ಹಾಕುತ್ತಿದ್ದಳು. ತನ್ನ ಬಾಯಿಂದಲೇ ಗಂಡನ ಕಾಲು ಹೋಯಿತೆಂಬ ಕೊರಗು ಅವಳನ್ನು ಬಿಡಲೇ ಇಲ್ಲ. ನನಗದು ಈಗಲೂ ಸಂಕಟ.

ಕೆಲವು ವರ್ಷಗಳ ನಂತರ ಅವ್ವ ತೀರಿಕೊಂಡಳು. ಮಾತಾಡಿಸಲು ಬಂದವರು ಅವಳ ಕೈರುಚಿಯನ್ನು, ಕರುಳನ್ನು ಹೊಗಳಿದರು. ಅವಳಿದ್ದಷ್ಟು ಕಾಲ ಅಂಥ ಮಾತಿಗೆಲ್ಲ ಅಪ್ಪನ ಉತ್ತರ ಒಂದೇ: "ಏನ್ ಬಿಡ್ರೀ, ಯಾವಾಗ್ಲೂ ಉಪ್ಪು ಜಾಸ್ತಿ." ನಾನು ಅದಕ್ಕೇ ಕಾದೆ. ಅಪ್ಪ, "ಹೌದ್ರೀ, ಅಂಥಾಕೆ ಇನ್ನೊಬ್ಬಳಿಲ್ಲ" ಎಂದುಬಿಟ್ಟರು. ನಾನು ಅವರ ಮುಖ ನೋಡಿದೆ.

"ಇನ್ನ ದೃಷ್ಟಿ ತಗುಲಾಕೆ ಏನೈತೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೋಗೋ ಹಿಂದಿನ ದಿನ ಅಂದಿದ್ರೆ ಆಕೆ ಕೇಳಿಸ್ಕೊಂತಿದ್ಲು ನೋಡು" ಎಂದರು.

ಇವತ್ತು ಹಾಜಿರಾಬಿಯವರು ಅತ್ತ ಹೋದ ಮೇಲೆ ಈ ಮಾತು ನೆನಪಾಗಿ ಒಳಗೆ ಹೋದೆ. ಹೆಂಡತಿ ಮಲ್ಲಿಗೆ ಕಟ್ಟುತ್ತಿದ್ದಳು. "ಗಿಡ ಬಹಳ ಚೆನ್ನಾಗಿದೆ ಕಣೇ. ನಿನ್ನ ಕೈಗುಣ" ಎಂದೆ. ಅವಳು ಗಾಬರಿಯಿಂದ ನನ್ನನ್ನು ನೋಡಿದಳು. ದಾರವನ್ನು ಅಲ್ಲೇ ಬಿಟ್ಟು, ಉಪ್ಪು ಮೆಣಸಿನಕಾಯಿ ಹಿಡಿದು ಗೇಟಿನವರೆಗೆ ಓಡಿ, ಗಿಡಕ್ಕೆ ನಿವಾಳಿಸಿ ತಂದು ಒಲೆಗೆ ಹಾಕಿದಳು. ಘಾಟು ಜೋರಾಗಿಯೇ ಎದ್ದಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆವು. ಕೆಮ್ಮು ನಿಂತ ಮೇಲೆ ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.